ಆಪರೇಟರ್ ಬಂದಿಲ್ಲ

ಈ ಕೆಲಸವನ್ನು ನಾನು ನೋಡಿರುವುದು ಎರಡೇ ಬೆಳಗು. ಅಷ್ಟಕ್ಕೇ ಬರೆಯಲು ಕೂತಿದ್ದಕ್ಕೆ ಓದುಗರು ಕ್ಷಮಿಸಬೇಕು. ತಪ್ಪಿದ್ದರೆ ಅದು ನನ್ನದು, ಕೆಲಸ ಮಾಡುವವರದಲ್ಲ.

ಬೆಳಗಿನ ಐದೂವರೆ. ಕಾಲುವೆ ದಂಡೆಯ ಪಂಪ್‌ಮನೆಯ ಬೀಗ ತೆಗೆದು, ಅಲ್ಲಿನ ಆಪರೇಟರ್ ಆದ ಆಕೆ ಮೊದಲು ಗೋಡೆಯ ಅಳತೆಪಟ್ಟಿಗೆ ಟಾರ್ಚ್ ಬಿಡುತ್ತಾರೆ. ನೀರು ನಾಲ್ಕು ಅಡಿ. ಜಾಲರಿಗೆ ಸಿಕ್ಕ ಕಸವನ್ನು ಕೊಕ್ಕೆಯಿಂದ ಎಳೆದು ಹಾಕಿ, ಪಂಪನ್ನು ಹತ್ತು ನಿಮಿಷ ಓಡಿಸಿ, ಪುಸ್ತಕದಲ್ಲಿ ಬರೆಯುತ್ತಾರೆ. ಹನ್ನೊಂದು ವರ್ಷದಿಂದ ಇದೇ ದಿನಚರಿ. ತಗ್ಗಿನ ಬೀದಿಯ ನಾನ್ನೂರು ಮನೆಗಳ ಮಳೆನೀರು ಇಲ್ಲಿಂದಲೇ ಹೊರಹೋಗಬೇಕು. ಪಂಪ್ ಹಾಕಲು ಬರುತ್ತಿದ್ದದ್ದು ಇವರೊಬ್ಬರಿಗೇ. ಬೀಗದ ಕೈಯೂ ಒಂದೇ ಇತ್ತು.

ನಗರಸಭೆ ಕಚೇರಿಯಲ್ಲಿ ಇವರನ್ನು ‘ಹಾಗಾದ್ರೆ ಅಕ್ಕ’ ಎನ್ನುತ್ತಾರೆ. ಆರು ತಿಂಗಳಿಗೊಮ್ಮೆ ಅಲ್ಲಿ ನೆರೆ ಬಂದರೆ ಏನು ಮಾಡಬೇಕೆಂಬ ತಾಲೀಮು ನಡೆಯುತ್ತದೆ. ಮಳೆಯ ಲೆಕ್ಕ ಈಚೆಗೆ ಯಾರ ಕೈಗೂ ಸಿಗುತ್ತಿಲ್ಲ. ಹಾಗಾಗಿ ಮೇಜಿನ ಮೇಲೆ ನಕ್ಷೆ ಹರಡಿ, ಚೀಟಿ ಎತ್ತುತ್ತಾರೆ: ಮಳೆ ಎರಡರಷ್ಟು ಬಂದರೆ? ಕರೆಂಟ್ ಹೋದರೆ? ಸೇತುವೆ ಮುಳುಗಿದರೆ? ಚೀಟಿ ಬರೆಯುವುದು ಇವರ ಪಾಲಿನ ಕೆಲಸ.

“ಎಂಜಿನಿಯರ್ ಸಾಹೇಬ್ರು ಉತ್ತರ ಹೇಳಿ ಮುಗಿಸೋದ್ರೊಳಗೆ ನಾನು ‘ಹಾಗಾದ್ರೆ ಸರ್...’ ಅಂತಿದ್ದೆ. ‘ನೀನೇ ಬರಿಯಮ್ಮ, ನಮ್ಮ ತಲೆ ತಿನ್ನಬೇಡ’ ಅಂದ್ರು.”

ಒಂದು ಚೀಟಿಯನ್ನು ಮಾತ್ರ ಅವರು ವರ್ಷಗಟ್ಟಲೆ ಬರೆಯಲಿಲ್ಲ. ಪ್ರತಿ ತಾಲೀಮಿನಲ್ಲೂ ಉತ್ತರದ ಮೊದಲ ಸಾಲು ‘ಆಪರೇಟರ್ ಬಂದು ಪಂಪ್ ಹಾಕುತ್ತಾರೆ’ ಎಂದೇ. ಆ ಆಪರೇಟರ್ ಇರುವುದೂ ತಗ್ಗಿನ ಬೀದಿಯಲ್ಲೇ, ನಡೆಯಲಾಗದ ಅತ್ತೆಯ ಜೊತೆ. “ಬರೆದ್ರೆ ಕೆಲ್ಸ ಹೋಗುತ್ತೆ ಅಂತ ಭಯ. ಬೇಕಾದಾಗ ಬರದೇ ಇರೋಳು ಯಾಕೆ ಬೇಕು ಅಂತಾರಲ್ಲ.”

ಕಳೆದ ತಾಲೀಮಿನಲ್ಲಿ ಬರೆದೇಬಿಟ್ಟರು: ‘ನೀರು ಬಂದಿದೆ. ಆಪರೇಟರ್ ಬಂದಿಲ್ಲ.’ ಎಂಜಿನಿಯರ್ ಚೀಟಿ ತಿರುಗಿಸಿ ನೋಡಿ, “ಯಾಕಮ್ಮ ಬಂದಿಲ್ಲ?” ಎಂದರಂತೆ.

“ಅತ್ತೇನ ಹೊತ್ಕೊಂಡು ಮಹಡಿ ಹತ್ತುತಾ ಇದೀನಿ ಸರ್.”

ಅತ್ತೆಗೂ ಈ ಕಥೆ ಗೊತ್ತು. “ನಾನೋ ಪಂಪೋ ಅಂದ್ರೆ ಇವಳು ಪಂಪ್ ಕಡೇನೇ,” ಎನ್ನುತ್ತಾರೆ ಮಂಚದಿಂದ.

“ಪಂಪ್ ಬಯ್ಯಲ್ವಲ್ಲ ಅತ್ತೆ,” ಎನ್ನುತ್ತಾರೆ ಸೊಸೆ.

ಕೆಲಸ ಹೋಗಲಿಲ್ಲ. ಎರಡನೇ ಬೀಗದ ಕೈ ಈಗ ಎತ್ತರದ ಬೀದಿಯ ಮೆಕ್ಯಾನಿಕ್ ಒಬ್ಬರ ಬಳಿ ಇದೆ. ಭಾನುವಾರಗಳಲ್ಲಿ ಆಕೆಯೇ ಅವರಿಗೆ ಕಲಿಸುತ್ತಾರೆ. “ನನಗಿಂತ ಚೆನ್ನಾಗೇ ಹಾಕ್ಲಿ. ನೀರು ನುಗ್ಗಿದ ದಿನ ನಾನು ಅತ್ತೆ ಹತ್ರ ಇರ್ಬೇಕು, ಅಲ್ಲಿಗೆ ಪಂಪ್ ಸದ್ದು ಕೇಳಿಸ್ಬೇಕು. ಅಷ್ಟೇ.”

ಅಂಥ ಮಳೆಯಲ್ಲಿ ಮೆಕ್ಯಾನಿಕ್ ಹೊರಟು ಬರುತ್ತಾರೆಯೇ? ಅವರನ್ನೇ ಕೇಳಿದೆ. “ಬರ್ತೀನಿ,” ಎಂದರು. ಆಕೆಯೂ ಹನ್ನೊಂದು ವರ್ಷ ಹಾಗೆಯೇ ಹೇಳಿದ್ದರು. ಮುಂದಿನದು ನನಗೆ ಗೊತ್ತಿಲ್ಲ.