ಮನೆ ತೋರಿಸಿದವನು

ದೋಹಾದಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದ ಮರುದಿನ ಕಂಪನಿಯವರು ಒಂದು ಕಾರಿನ ಕೀಲಿಯನ್ನೂ ಮೂರು ಸಂಖ್ಯೆ ಬರೆದ ಚೀಟಿಯನ್ನೂ ಕೊಟ್ಟು, ಈ ಮನೆಯಿಂದ ಪ್ಯಾಸೆಂಜರನ್ನು ಕರೆದುಕೊಂಡು ಬಾ ಎಂದರು. ಹೆಸರಿಲ್ಲ. ಹತ್ತಿರ ದೈವಸ್ಥಾನ ಉಂಟೋ, ತಿರುವಿನಲ್ಲಿ ಗೋಳಿಮರ ಉಂಟೋ, ಯಾರ ಅಳಿಯನ ಮನೆ, ಯಾವುದೂ ಇಲ್ಲ. ಅಲ್ ಹಿಲಾಲ್‌ನ ಒಂದು ರಸ್ತೆಯಲ್ಲಿ ಕಾರು ನಿಲ್ಲಿಸಿ ದಾರಿ ಕೇಳಲು ಇಳಿದೆ. ಬೆಳಗಿನ ಒಂಬತ್ತಕ್ಕೇ ಕೆಂಡದಂಥ ಗಾಳಿ. ಕೇಳೋಣವೆಂದರೆ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ನರಪಿಳ್ಳೆ ಇಲ್ಲ. ಎಲ್ಲ ಮನೆಗಳಿಗೂ ತಲೆಗಿಂತ ಎತ್ತರದ ಗೋಡೆ, ಎಲ್ಲ ಗೇಟುಗಳೂ ಮುಚ್ಚಿವೆ.

ಹಮೀದಾಕನಿಗೆ ಫೋನ್ ಮಾಡಿದೆ. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ, ಎಂದರೆ ನಮ್ಮ ಕರಾವಳಿಯ ಮುಸ್ಲಿಮರು, ಇಪ್ಪತ್ತೈದು ವರ್ಷದಿಂದ ಇಲ್ಲೇ ಡ್ರೈವರ್, ನನ್ನ ರೂಮಿನವರು.

"ವಾಸಣ್ಣ, ನೀವು ಎಂತ ಗೋಡೆಯ ಹತ್ರ ದಾರಿ ಕೇಳ್ತಿದ್ದೀರಾ?" ಎಂದು ನಕ್ಕರು. "ಗೇಟಿನ ಬದಿಯಲ್ಲಿ ನೀಲಿ ಬೋರ್ಡು ಉಂಟಲ್ಲ, ಅದನ್ನು ನೋಡಿ. ವಲಯ, ರಸ್ತೆ, ಕಟ್ಟಡ. ಮೂರು ನಂಬರ್ ಸರಿಯಾದ್ರೆ ಖಲಾಸ್. ಇಲ್ಲಿ ಮನೆ ತೋರಿಸ್ಲಿಕ್ಕೆ ಜನ ಬೇಡ ಮಾರಾಯ್ರೆ."

ಖಲಾಸ್ ಎಂದರೆ ಮುಗಿಯಿತು. ನಾನು ಇಲ್ಲಿ ಕಲಿತ ಮೊದಲ ಮಾತು ಅದು. ಆದರೆ ಆ ದಿನ ನನ್ನ ಎದೆಗೆ ಬಡಿದದ್ದು ಅದಲ್ಲ. ಮನೆ ತೋರಿಸಲು ಜನ ಬೇಡ ಎಂದರಲ್ಲ, ಅದು.

ಊರಲ್ಲಿ ಹದಿನೆಂಟು ವರ್ಷ ನಾನು ಅಡುಗೆ ಗ್ಯಾಸಿನ ಪಿಕಪ್ ಓಡಿಸಿದವನು. ನಮ್ಮ ಕಡೆ ಮನೆಗಳು ಒಂದೊಂದು ಗುಡ್ಡದ ಮೇಲೆ ಒಂದೊಂದು. ನಂಬರ್ ಪಂಚಾಯತಿನ ಪುಸ್ತಕದಲ್ಲಿ ಮಾತ್ರ. ಯಾವ ಮನೆಗೆ ಯಾವ ಮಣ್ಣುದಾರಿ, ಎಲ್ಲಿ ನಾಯಿ ಕಟ್ಟಿಲ್ಲ, ಯಾವ ಮನೆಯಲ್ಲಿ ಹಗಲು ಹೆಂಗಸರು ಒಬ್ಬರೇ ಇರುತ್ತಾರೆ, ಎಲ್ಲ ನನಗೆ ಗೊತ್ತು. ಗುಡ್ಡದ ಬುಡದಲ್ಲಿ ಎರಡು ಗಿಡ್ಡ ಒಂದು ಉದ್ದ ಹಾರ್ನ್ ಹೊಡೆದರೆ ಸಾಕು, ಗ್ಯಾಸಿನ ಪುಸ್ತಕ ಹಿಡಿದು ಬಾಗಿಲು ತೆಗೆಯುತ್ತಿದ್ದರು. ಮದುವೆ ಕಾಗದ ಹಂಚುವವರು, ಬ್ಯಾಂಕಿನವರು, ಹೆಣ್ಣು ನೋಡಲು ಬಂದವರು, ಎಲ್ಲರೂ ನನ್ನನ್ನೇ ಕೇಳುವುದು. ಗಾಡಿ ಮುಂದೆ ಬಿಟ್ಟುಕೊಂಡು ಹೋಗಿ ಮನೆ ತೋರಿಸುತ್ತಿದ್ದೆ. ಅದರಲ್ಲಿ ಒಂದು ಹೆಮ್ಮೆ ಇತ್ತು.

ಇಲ್ಲಿನ ಜೀವನಕ್ಕೆ ಹೊಂದಿಕೊಳ್ಳಲು ಒಂದು ವರ್ಷ ಬೇಕಾಯಿತು. ಒಂದು ರೂಮಿನಲ್ಲಿ ಆರು ಮಂಚ. ಬೆಳಿಗ್ಗೆ ಕುಬ್ಬೂಸ್ ರೊಟ್ಟಿ, ಸಂಜೆ ಕರಕ್. ಕರಕ್ ಎಂದರೆ ಹಾಲು, ಏಲಕ್ಕಿ ಹಾಕಿ ಕೆಂಪಗಾಗುವ ತನಕ ಕುದಿಸಿದ ಚಹಾ. ಮಲಯಾಳಿಗಳ ಹತ್ತಿರ ಅವರ ಭಾಷೆ, ಉಳಿದವರ ಹತ್ತಿರ ಹರಕು ಹಿಂದಿ. ಇಲ್ಲಿನ ಗ್ಯಾಸ್ ಸಿಲಿಂಡರ್ ಹಗುರ, ಒಳಗೆ ಎಷ್ಟು ಉಳಿದಿದೆ ಎಂಬುದು ಹೊರಗಿನಿಂದಲೇ ಕಾಣುತ್ತದೆ. ಮೊದಲ ಸಲ ಕಂಡಾಗ ನೋಡುತ್ತಾ ನಿಂತುಬಿಟ್ಟಿದ್ದೆ.

ರೂತ್ ಮೇಡಂ ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ. ಅಮೆರಿಕದವರು, ಅರವತ್ತರ ಹತ್ತಿರದ ವಯಸ್ಸು, ಇಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುತ್ತಾರೆ. ದಿನಾ ಬೆಳಿಗ್ಗೆ ಅವರನ್ನು ಶಾಲೆಗೆ ಬಿಡುವ ಕೆಲಸ ನನ್ನದಾಗಿತ್ತು. ನನ್ನ ಇಂಗ್ಲಿಷ್ ಎಸ್ಸೆಸ್ಸೆಲ್ಸಿಯದು, ಅವರು ನಿಧಾನ ಮಾತಾಡಿದರೆ ತಿಳಿಯುತ್ತದೆ. ಮುಂದಿನ ಸೀಟಿನಲ್ಲೇ ಕೂರುತ್ತಿದ್ದರು. ಒಬ್ಬರೇ ಇಷ್ಟು ದೂರ ಯಾಕೆ ಬಂದಿರಿ ಎಂದು ಒಮ್ಮೆ ಕೇಳಿದೆ. ಆ ಉತ್ತರ ಮುಗಿಯಲು ಒಂದು ವಾರದ ಬೆಳಗುಗಳು ಬೇಕಾದವು.

ಅವರದು ಸಣ್ಣ ಪಟ್ಟಣ. ಚುನಾವಣೆಯಲ್ಲಿ ಮತ ಎಣಿಸುವ ಕೆಲಸಕ್ಕೆ ಊರಿನವರೇ ಹೋಗುವುದು ಅಲ್ಲಿ ರೂಢಿ. ಇವರೂ ಎಷ್ಟೋ ವರ್ಷದಿಂದ ಹೋಗುತ್ತಿದ್ದರು. ಒಂದು ಸಲ ಸೋತವರ ಕಡೆಯವರು ಎಣಿಕೆಯೇ ಮೋಸ ಎಂದರು. ದೇಶ ನಮ್ಮದು, ಅದನ್ನು ಕದಿಯುತ್ತಿದ್ದಾರೆ ಎಂದರು. ಎಣಿಸಿದವರ ಹೆಸರುಗಳು, ಅವರ ಮನೆಗಳ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹೋದವು. ಒಂದು ಭಾನುವಾರ ಇವರ ಮನೆಯೆದುರು ಇಪ್ಪತ್ತು ಗಂಡಸರು ಬಾವುಟ ಹಿಡಿದು, ಹೆಗಲಿಗೆ ಬಂದೂಕು ಹಾಕಿಕೊಂಡು ನಿಂತರು. ಬಾಗಿಲು ಬಡಿಯಲಿಲ್ಲ, ಕಲ್ಲು ಹೊಡೆಯಲಿಲ್ಲ, ಸುಮ್ಮನೆ ನಿಂತರು. ಪೊಲೀಸರಿಗೆ ಫೋನ್ ಮಾಡಿದರೆ, ರಸ್ತೆಯಲ್ಲಿ ನಿಲ್ಲುವುದು ಅಪರಾಧವಲ್ಲ ಎಂದರಂತೆ.

"ಅವರಲ್ಲಿ ಮೂವರಿಗೆ ನಾನು ಅಕ್ಷರ ಕಲಿಸಿದ್ದೆ. ಅದನ್ನೂ ತಡೆದುಕೊಂಡೆ, ಮಿಸ್ಟರ್ ವಾಸು," ಎಂದರು. "ಆದರೆ ನನ್ನ ಮನೆಯ ಫೋಟೊ ಹಾಕಿದ್ದರಲ್ಲ, ಅದರ ಮೂಲೆಯಲ್ಲಿ ಒಂದು ಕೆಂಪು ಹೂಕುಂಡದ ಅಂಚು ಕಾಣುತ್ತಿತ್ತು. ಆ ಕುಂಡ ನಾನೇ ಪಕ್ಕದ ಮನೆಯವನಿಗೆ ಕೊಟ್ಟಿದ್ದು. ಫೋಟೊ ತೆಗೆದದ್ದು ಅವನ ಜಗಲಿಯಿಂದ. ನನ್ನ ಮನೆಯ ಇನ್ನೊಂದು ಕೀಲಿ ಅವನ ಹತ್ತಿರ ಇತ್ತು."

ನಾನು ಸಿಗ್ನಲಿನಲ್ಲಿ ಹಸಿರು ಬಂದದ್ದನ್ನೂ ನೋಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.

ಈಗ ನನ್ನದನ್ನು ಬರೆಯಬೇಕು. ನಮ್ಮೂರಿನ ಲೀಲಾ ಟೀಚರ್ ನನ್ನ ಮಗಳಿಗೆ ಮನೆಯಲ್ಲಿ ಕೂರಿಸಿ ಲೆಕ್ಕ ಹೇಳಿಕೊಟ್ಟವರು. ಸಿಲಿಂಡರ್ ಇಳಿಸಿದ ಪ್ರತಿ ಸಲ ಬೆಲ್ಲ ನೀರು ಕೊಡುತ್ತಿದ್ದರು. ಬ್ಯಾರಿಗಳ ಹತ್ತಿರ ಮೀನು ತೆಗೆದುಕೊಳ್ಳಬಾರದು ಎಂದು ನಮ್ಮ ಸಂಘಟನೆಯವರು ಊರಲ್ಲಿ ಹೇಳಿಕೊಂಡು ಬಂದಾಗ, ಯಾರು ಯಾರ ಹತ್ತಿರ ಮೀನು ತೆಗೆದುಕೊಳ್ಳಬೇಕೆಂದು ಹೇಳಲು ನೀವು ಯಾರು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿದರು. ಆ ವರ್ಷವೇ ನಿವೃತ್ತರಾಗಿ ಪಂಚಾಯತ್ ಚುನಾವಣೆಗೂ ನಿಂತರು. ಹೌದು, ನಮ್ಮ ಸಂಘಟನೆ ಎಂದೇ ಬರೆದಿದ್ದೇನೆ. ನಾನೂ ಅದರಲ್ಲಿದ್ದೆ. ಮುಖಂಡ ನನಗಿಂತ ಹದಿನೈದು ವರ್ಷ ಚಿಕ್ಕವನು, ಆದರೂ ಅಣ್ಣ ಎನ್ನುತ್ತಿದ್ದೆ.

"ವಾಸಣ್ಣ, ಟೀಚರ್ ಮನೆ ಒಂದು ತೋರಿಸಿ. ಬರೇ ಮಾತಾಡ್ಲಿಕ್ಕೆ," ಎಂದ ಅವನು. "ಹುಡುಗರು ಪೇಟೆಯವರು, ಅವರಿಗೆ ದಾರಿ ಗೊತ್ತಿಲ್ಲ."

ನಾಮಪತ್ರ ವಾಪಸು ತೆಗೆಯಲು ಇದ್ದ ಕೊನೆಯ ದಿನಕ್ಕೆ ಮುಂಚಿನ ದಿನ, ಸಂಜೆ ನಾಲ್ಕು ಗಂಟೆ. ನನ್ನ ಗಾಡಿ ಮುಂದೆ, ಆರು ಬೈಕು ಹಿಂದೆ. ಗುಡ್ಡದ ಬುಡದಲ್ಲಿ ನನ್ನ ಕೈ ತಾನಾಗಿ ಹಾರ್ನಿಗೆ ಹೋಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹಾರ್ನ್ ಹೊಡೆದರೆ ಬಾಗಿಲು ತೆಗೆಯುತ್ತಾರೆ ಎಂದು ಗೊತ್ತಿದ್ದೇ ಹೊಡೆದೆ. ಎರಡು ಗಿಡ್ಡ, ಒಂದು ಉದ್ದ.

ಟೀಚರ್ ಗ್ಯಾಸಿನ ಪುಸ್ತಕ ಹಿಡಿದು ಹೊರಗೆ ಬಂದರು. "ಬುಕ್ ಮಾಡಿದ್ದು ನಿನ್ನೆ ಅಲ್ವಾ, ಇಷ್ಟು ಬೇಗ ಬಂತಾ?" ಎಂದು ನಗುತ್ತಾ ಬಂದರು. ಹುಡುಗರು ಚಪ್ಪಲಿ ಹಾಕಿಕೊಂಡೇ ಜಗಲಿ ಹತ್ತಿದರು. ಯಾರೂ ಕೈ ಎತ್ತಲಿಲ್ಲ. ಒಬ್ಬ ಕುರ್ಚಿಯಲ್ಲಿ ಕೂತು, ಟೀಚರ ಮಗಳು ಕಾಲೇಜಿಗೆ ಹೋಗುವ ಬಸ್ಸಿನ ಹೆಸರು, ಹತ್ತುವ ಸ್ಟಾಪು, ಇಳಿಯುವ ಹೊತ್ತು ಹೇಳಿದ. ಅಷ್ಟೇ. ಟೀಚರ್ ಅವನನ್ನು ನೋಡಲಿಲ್ಲ. ಅಂಗಳದ ತುದಿಯಲ್ಲಿ ನಿಂತಿದ್ದ ನನ್ನನ್ನು ನೋಡಿದರು.

"ವಾಸಣ್ಣ, ನೀವಾ?"

ಮರುದಿನ ನಾಮಪತ್ರ ವಾಪಸು ತೆಗೆದರು. ಮೂರು ತಿಂಗಳಲ್ಲಿ ಮನೆ ಮಾರಿ ಹೋದರು. ಹೋಗುವ ಮೊದಲು ಕೊಟ್ಟ ದೂರಿಗೆ ಪೊಲೀಸರು ವಿಚಾರಣೆಗೆ ಬಂದಾಗ, ಅಣ್ಣ ಎನಿಸಿಕೊಂಡವನು ಕೊಟ್ಟದ್ದು ಒಂದೇ ಹೆಸರು, ನನ್ನದು. ಗ್ಯಾಸಿನ ವಾಸು ಕರೆದುಕೊಂಡು ಹೋದದ್ದು, ನಮಗೇನೂ ಗೊತ್ತಿಲ್ಲ ಎಂದ. ಕೇಸು ಬಿದ್ದುಹೋಯಿತು, ಆದರೆ ನನ್ನ ಕೆಲಸ ಹೋಯಿತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕತಾರಿನ ವಿಮಾನ ಹತ್ತಿದೆ. ನನ್ನವರೇ ನನಗೆ ಮೋಸ ಮಾಡಿದರು ಎಂಬ ಒಂದೇ ಮಾತನ್ನು ಕಟ್ಟಿಕೊಂಡು ಬಂದಿದ್ದೆ. ಆ ಸಿಟ್ಟು ಇವತ್ತಿಗೂ ಇದೆ. ಟೀಚರ ಮುಖ ನೆನಪಾಗದಂತೆ ಎಷ್ಟೋ ವರ್ಷ ನನ್ನನ್ನು ಕಾಪಾಡಿದ್ದು ಅದೇ.

ಕಳೆದ ಜೂನಿನಲ್ಲಿ ಶಾಲೆಗೆ ರಜೆ ಶುರುವಾಗುವ ಮೊದಲು ರೂತ್ ಮೇಡಂ ಕಾರಿನಲ್ಲಿ ಒಂದು ಕೀಲಿ ಮುಂದೆ ಚಾಚಿದರು. ತಂಗಿಯ ಮನೆಗೆ ಹೋಗುತ್ತಿದ್ದೇನೆ, ಎರಡು ತಿಂಗಳು ನನ್ನ ಗಿಡಗಳಿಗೆ ನೀರು ಹಾಕುತ್ತೀರಾ ಎಂದರು. ನನ್ನ ಕೈ ಸ್ಟೀರಿಂಗಿನಿಂದ ಏಳಲಿಲ್ಲ. ನಾಳೆ ಹೇಳುತ್ತೇನೆ ಮೇಡಂ ಎಂದೆ. ಅವರು ಕೀಲಿಯನ್ನು ಮುಂದಿನ ಗಾಜಿನ ಕೆಳಗೆ ಇಟ್ಟು ಇಳಿದರು.

ರೂಮಿಗೆ ಬಂದು ಹಮೀದಾಕನಿಗೆ ಎಲ್ಲ ಹೇಳಿದೆ. ಮೀನಿನ ವಿಷಯವನ್ನೂ ಬಿಡಲಿಲ್ಲ. ಅವರು ಈರುಳ್ಳಿ ಹೆಚ್ಚುತ್ತಿದ್ದರು. ಚಾಕು ಕೆಳಗಿಟ್ಟರು.

"ಒಂಬತ್ತು ವರ್ಷ ನಾನು ಮಾಡಿದ ಮೀನು ಸಾರು ಉಂಡ್ರಲ್ಲ ವಾಸಣ್ಣ."

"ಉಂಡೆ."

"ಹ್ಞಾಂ. ಇವತ್ತೂ ಉಣ್ಣಿ. ಆದ್ರೆ ನನ್ನತ್ರ ಹೇಳಿ ಮುಗಿಸ್ಲಿಕ್ಕೆ ನೋಡ್ಬೇಡಿ. ಆ ಮೇಡಮಿಗೆ ಹೇಳದೆ ಕೀಲಿ ಮುಟ್ಟಿದ್ರೆ ನಾಳೆಯಿಂದ ನಿಮ್ಮ ಸಾರು ನೀವೇ ಮಾಡಿ."

ಮರುದಿನ ಶಾಲೆಯ ಹತ್ತಿರ ಕಾರು ಬದಿಗೆ ನಿಲ್ಲಿಸಿದೆ. "ಮೇಡಂ, ನಿಮ್ಮ ಪಕ್ಕದ ಮನೆಯವನು ಮಾಡಿದ್ದನ್ನು ನಾನೂ ಮಾಡಿದ್ದೇನೆ," ಎಂದೆ. ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಹಾರ್ನ್ ಹೊಡೆದ ಬಗೆ ಹೇಳಲು ಮಾತು ಸಿಗದೆ ಸ್ಟೀರಿಂಗ್ ಒತ್ತಿ ತೋರಿಸಿದೆ. ಎರಡು ಗಿಡ್ಡ, ಒಂದು ಉದ್ದ. ಅವರು ಬೆಚ್ಚಿದರು.

"ಆ ಟೀಚರಿಗೆ ಇದನ್ನು ಹೇಳಿದಿರಾ?" ಎಂದರು.

"ಇಲ್ಲ ಮೇಡಂ."

"ನನ್ನ ಪಕ್ಕದ ಮನೆಯವನೂ ಹೇಳಿಲ್ಲ. ಪ್ರತಿ ವರ್ಷ ಕ್ರಿಸ್ಮಸ್ ಕಾರ್ಡ್ ಕಳಿಸುತ್ತಾನೆ." ಮುಂದಿನ ಗಾಜಿನ ಕೆಳಗೆ ಇಟ್ಟಿದ್ದ ಕೀಲಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ಇಳಿದರು. ರಜೆ ಮುಗಿದ ಮೇಲೆ ಅವರಿಗೆ ಬೇರೆ ಡ್ರೈವರ್. ಕಂಪನಿಗೆ ನನ್ನ ಮೇಲೆ ದೂರು ಕೊಡಲಿಲ್ಲ. ಬದಲಿಸಿ ಎಂದರಂತೆ, ಅಷ್ಟೇ.

ಆ ರಜೆಯಲ್ಲಿ ಊರಿಗೆ ಹೋದೆ. ಟೀಚರ ಗುಡ್ಡ ಹತ್ತಿದೆ, ಮನೆಯಲ್ಲಿ ಬೇರೆಯವರಿದ್ದರು. ಟೀಚರ್ ಎಲ್ಲಿಗೆ ಹೋದರೆಂದು ಅಂಗಡಿಯ ಶೇಖರನಿಗೆ ಗೊತ್ತು ಎಂದು ಕೇಳಿ ಅವನ ಹತ್ತಿರ ಹೋದೆ. ಟೀಚರ ಹಳೆಯ ಶಿಷ್ಯ ಅವನು.

"ಟೀಚರ ಮನೆ ಈಗ ಎಲ್ಲಿ ಮಾರಾಯ?"

ಅವನು ಸಕ್ಕರೆ ತೂಗುತ್ತಿದ್ದವನು ತಲೆ ಎತ್ತಿದ. "ಮನೆ ಯಾರಿಗೆ ತೋರಿಸ್ಲಿಕ್ಕೆ ವಾಸಣ್ಣ?"

ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಒಬ್ಬರೂ ನಗಲಿಲ್ಲ. ಅವನು ಮಾಡಿದ್ದು ಸರಿ. ಮುಖಂಡ ಟೀಚರ ಮನೆ ಕೇಳಿದ ದಿನ ಹಾಗೆ ಹೇಳಲು ನನಗೂ ಬಾಯಿ ಇತ್ತು, ಹೇಳಲಿಲ್ಲ.

ಅದಕ್ಕೇ ಇದನ್ನು ಬರೆದು ಕಳಿಸುತ್ತಿದ್ದೇನೆ. ಟೀಚರ್ ಪತ್ರಿಕೆ ಓದುವ ಅಭ್ಯಾಸದವರು, ಎಲ್ಲಿದ್ದರೂ ಓದಿಯಾರು. ಟೀಚರ್, ಹಾರ್ನ್ ಹೊಡೆದದ್ದು ನಾನೇ. ನನ್ನನ್ನು ಯಾರೂ ಮೋಸಗೊಳಿಸಿ ಕರೆತರಲಿಲ್ಲ. ನಿಮ್ಮ ವಿಳಾಸ ನಾನು ಇನ್ನು ಯಾರನ್ನೂ ಕೇಳುವುದಿಲ್ಲ.

ಊರಲ್ಲಿ ನಾನು ಎಲ್ಲರಿಗೂ ಗೊತ್ತು, ಆದ್ದರಿಂದ ಅಲ್ಲಿ ನನಗೆ ಯಾರೂ ದಾರಿ ಹೇಳುವುದಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ, ದಾರಿ ಕೇಳುವ ಅಗತ್ಯವೂ ಇಲ್ಲ. ನಾವು ಆರು ಜನ ಮಲಗುವ ಈ ಕಟ್ಟಡದ ಗೇಟಿಗೂ ಒಂದು ನೀಲಿ ಬೋರ್ಡಿದೆ. ನನ್ನನ್ನು ಹುಡುಕಿ ಬರುವವರಿಗೆ ನಂಬರ್ ಕಾಣಲಿ ಎಂದು ಬೆಳಿಗ್ಗೆ ಕಾರು ತೆಗೆಯುವ ಮೊದಲು ಅದರ ಮೇಲಿನ ಧೂಳು ಒರೆಸುತ್ತೇನೆ. ಹಮೀದಾಕ ಊಟಕ್ಕೆ ಕರೆಯುತ್ತಾರೆ, ಮೊದಲಿನ ಹಾಗೆ ಪಕ್ಕದಲ್ಲಿ ಕೂರುವುದಿಲ್ಲ.