ಬದುವಿನ ಹುಲ್ಲು

ಜಮೀನಿದ್ದವರಿಗೇ ಹಕ್ಕು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನ ಸೋದರತ್ತೆಗೆ ಅಂಗೈಯಗಲ ಭೂಮಿಯಿರಲಿಲ್ಲ. ಗಂಡ ಸತ್ತು ಪಾಲಹಳ್ಳಿಯ ತವರಿಗೆ ಬಂದಾಗ ನಮ್ಮ ತಾತ ಅವಳಿಗೊಂದು ಹಸು ಕೊಟ್ಟು, ನಾಲೆ ಪಕ್ಕದ ಗದ್ದೆಯ ಬದುವಿನ ಹುಲ್ಲು ಅವಳು ಇರೋತನಕ ಅವಳದೇ ಎಂದು ಊರವರ ಮುಂದೆ ಹೇಳಿದ್ದರು. ಗದ್ದೆ ಯಾರದಾದರೂ ಆಗಲಿ, ಹುಲ್ಲು ಅವಳದು. ಅದರ ಗುರುತಿಗೆ, ಹಸು ಕರು ಹಾಕಿದಾಗಲೆಲ್ಲ ಗದ್ದೆಯವರಿಗೆ ಗಿಣ್ಣು ಕಾಯಿಸಿ ಕೊಡುತ್ತಿದ್ದಳು. ಹಾಲು ಡೇರಿಗೆ ಹೋಗುತ್ತಿತ್ತು. ಅತ್ತೆ ಯಾರ ಮುಂದೆಯೂ ಕೈಯೊಡ್ಡಲಿಲ್ಲ, ನಮ್ಮಪ್ಪನ ಮುಂದೆಯೂ.

ತೊಂಬತ್ತರ ದಶಕದಲ್ಲಿ, ನಾನು ಶ್ರೀರಂಗಪಟ್ಟಣಕ್ಕೆ ಕಾಲೇಜಿಗೆ ಹೋಗುತ್ತಿದ್ದಾಗ, ಅಪ್ಪ ಆ ಗದ್ದೆಯನ್ನು ಪಕ್ಕದ ಬೀದಿಯವನಿಗೆ ಮಾರಿದರು. ಹುಲ್ಲಿನ ಮಾತು ಹೇಳಿಯೇ ಮಾರಿದರು. ಅವನೂ ಆಗಲಿ ಅಂದ. ಅತ್ತೆ ಕೊಟ್ಟ ಗಿಣ್ಣನ್ನು ಎರಡು ಸಲ ಬಾಯಿ ಚಪ್ಪರಿಸಿಕೊಂಡು ತಿಂದ. ಆಮೇಲೆ ತಾನೇ ಸೀಮೆ ಹಸು ಕಟ್ಟಿದ. ಒಂದು ಬೆಳಿಗ್ಗೆ ಬದುವಿನ ಮೇಲೆ ಅತ್ತೆಯ ಕೈಯಿಂದ ಕುಡುಗೋಲು ಕಿತ್ತುಕೊಂಡ.

ನ್ಯಾಯ ಸೇರಿತು.

"ನನ್ ಗಿಣ್ಣು ತಿಂದಿದ್ದು ಸುಳ್ಳೇನಪ್ಪ?" ಅಂದಳು ಅತ್ತೆ.

"ತಿಂದೆ ಕಣಕ್ಕ. ನೀನೇ ಉಲ್ಲು ಕೊಡು ಅಂತ ಬೇಡ್ಕೊಂಡು ತಂದ್ಕೊಟ್ಟೆ. ಪಾಪ ಅಂತ ಬುಟ್ಟಿದ್ದೆ. ಗದ್ದೆ ನಂದಾದ್ಮೇಲೆ ಬದು ಇನ್ಯಾರ್ದು?"

ಎಂಥ ಭಂಡ ನೋಡಿ. ಹಕ್ಕಿನ ಗುರುತನ್ನೇ ಭಿಕ್ಷೆಯ ಗುರುತು ಮಾಡಿಬಿಟ್ಟ. ಹಿರಿಯರೆನಿಸಿಕೊಂಡವರೆಲ್ಲ ತಲೆಯಾಡಿಸಿದರು. "ಜಮೀನಿಲ್ದೋಳ್ಗೆ ಅದೆಂಥ ಅಕ್ಕು, ಬುಡವ್ವ" ಅಂದರೊಬ್ಬರು. ಒಂದೇ ಒಂದು ಮಾತು ಆಡಬೇಕಾಗಿದ್ದ ನಮ್ಮಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದರು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಅತ್ತೆ ರಸ್ತೆ ಬದಿಯ ಹುಲ್ಲು ಕೆರೆದು ತಂದು ಹಸು ಸಾಕಿದಳು. ಅದು ಮತ್ತೆ ಕರು ಹಾಕಿತು. ಮಾರನೆಯ ದಿನವೇ ಗದ್ದೆ ಕೊಂಡವನ ಹೆಂಡತಿ ಬಟ್ಟಲು ಹಿಡಿದು ಬಂದಳು. ನಾಚಿಕೆ ಬೇಡವೇ?

"ಈ ಸಲ ಗಿಣ್ಣು ಬರ್ನೇ ಇಲ್ವಲ್ಲಕ್ಕ. ನಮ್ಮನೇವ್ರು ಕೇಳ್ತಾವ್ರೆ."

ನನಗೆ ಅವಳನ್ನು ಓಡಿಸಬೇಕೆನಿಸಿತು. ಅತ್ತೆ ಒಳಗೆ ಹೋಗಿ ಬಟ್ಟಲು ತುಂಬಿಸಿ ತಂದು ಜಗಲಿಯ ಮೇಲಿಟ್ಟಳು.

"ತಕೊಂಡೋಗವ್ವ. ನಾಳೆ ಬೆಳಿಗ್ಗೆ ಕುಡ್ಲು ತಕೊಂಡು ಬದುವಿಗೆ ಬತ್ತೀನಿ ಅಂತ ನಿನ್ ಗಂಡಂಗೆ ಏಳು."

ಅವಳು ಗಿಣ್ಣನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಬಟ್ಟಲನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಗಿಣ್ಣಿಗೆ ಏನರ್ಥ ಎಂದು ಆ ಮನೆಯವರಿಗೆ ಮೊದಲಿಂದಲೂ ಚೆನ್ನಾಗಿಯೇ ಗೊತ್ತಿತ್ತು.

ಯುಗಾದಿಗೆ ಮುಂಚೆ ಮೇವು ಸಾಲದೆ ಹಸುವನ್ನು ಮಾರಬೇಕಾಯಿತು. ಅಲ್ಲಿಂದಾಚೆಗೆ ಅತ್ತೆ ಎಲೆಯಡಿಕೆಗೂ ನಮ್ಮಪ್ಪನನ್ನೇ ಕೇಳುತ್ತಿದ್ದಳು.