ಐದಾದ ಮೇಲೆ

“ದೀಪ ಆರು!” ಎಂದು ಒಂದನೇ ಕ್ಲಾಸಿನ ನನ್ನ ಮಗಳು ಕೂಗಿದಳು. ಅತ್ತೆ ಎಣ್ಣೆಯ ಬಟ್ಟಲು ಕೆಳಗಿಟ್ಟರು. ಪುಣೆಯ ಅವಳ ಮರಾಠಿ ಶಾಲೆಯಲ್ಲಿ ದೀಪಾವಳಿ ರಜೆಗೆ ಪಣತಿ ಎಣಿಸುವ ಲೆಕ್ಕ ಕೊಟ್ಟಿದ್ದರು. ಆ ದಿನವೇ ಮಾವನವರಿಗೆ ಹೃದಯದ ಆಪರೇಷನ್. ಆಸ್ಪತ್ರೆಯಿಂದ ಯಜಮಾನರ ಫೋನು ಇನ್ನೂ ಬಂದಿರಲಿಲ್ಲ.

“ಹಂಗನಬ್ಯಾಡವ್ವಾ! ದೀಪಕ್ಕ ಆರು ಅನಬಾರದು,” ಎಂದರು ಅತ್ತೆ.

ಮಗಳು ಗಾಬರಿಯಿಂದ ಪಣತಿಗಳನ್ನು ಮತ್ತೆ ಎಣಿಸಿದಳು. “ಅಜ್ಜಿ, ಖರೇನ ಆರ ಅದಾವ. ಸಾಲ್ಯಾಗ ಮರಾಠಿಯೊಳಗ ಅಂದಂಗ ‘ಸಹಾ’ ಅನ್ಲೇನು?”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತೆಯೇ ಎತ್ತಿದರು. ಮಾವ ಕಣ್ಣು ಬಿಟ್ಟಿದ್ದರು.

ಈಗಲೂ ನಮ್ಮ ಮನೆಯಲ್ಲಿ ದೀಪಗಳನ್ನು ಅಚ್ಚ ಕನ್ನಡದಲ್ಲೇ ಎಣಿಸುತ್ತೇವೆ: ನಾಲ್ಕು, ಐದು, ಸಹಾ, ಏಳು.